ನನಗೆ ನಾನೇ ಬರೆದ ಹಿಂಬರಹ

ನಮ್ಮ ಆಫೀಸಿನಲ್ಲಿ ಯಾರು ದೊಡ್ಡವರು, ಯಾರು ಸಣ್ಣವರು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಕುರ್ಚಿ ನೋಡಿದರೆ ಸಾಕಿತ್ತು. ಸಾಹೇಬರದು ಬೆತ್ತ ಹೆಣೆದ, ಕೈಗಳಿರುವ ಕುರ್ಚಿ, ಬೆನ್ನಿಗೆ ಬಿಳಿ ಟವೆಲ್. ಹೆಡ್ ಗುಮಾಸ್ತರದೂ ಕೈಗಳಿರುವ ಕುರ್ಚಿಯೇ, ಆದರೆ ಟವೆಲ್ ಇಲ್ಲ. ಒಂದನೇ ದರ್ಜೆ ಗುಮಾಸ್ತರಿಗೆ ಕೈಯಿಲ್ಲದ ಕುರ್ಚಿ, ಅದರ ಮೇಲೆ ಅವರೇ ಮನೆಯಿಂದ ತಂದುಕೊಂಡ ದಿಂಬು. ಎರಡನೇ ದರ್ಜೆಯ ನನಗೆ ಕೈಯೂ ಇಲ್ಲದ, ದಿಂಬೂ ಇಲ್ಲದ, ಒಂದು ಕಾಲು ಗಿಡ್ಡವಾದ ಕುರ್ಚಿ. ದಫೇದಾರನಿಗೆ ಸಾಹೇಬರ ಬಾಗಿಲ ಹೊರಗೊಂದು ಸ್ಟೂಲು. ಅರ್ಜಿ ಹಿಡಿದು ಬಂದ ಜನರಿಗೆ ಒರಗಿ ನಿಲ್ಲಲು ಗೋಡೆ.

ನಾನೂ ಒಂದು ದಿಂಬು ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಮ್ಮೆ ತಂದಿದ್ದೆ. ಹೆಡ್ ಗುಮಾಸ್ತರು ನೋಡಿದರು. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ದಿಂಬು ಬೀರುವಿನ ಮೇಲೆ ಹೋಗಿ ಕೂತಿತ್ತು. ಯಾರು ಇಟ್ಟರೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇದು ಅರವತ್ತರ ದಶಕದ ನಡುವಿನ ಮಾತು. ಸಾಗರದಲ್ಲಿ ಒಂದು ಸರ್ಕಾರಿ ಕಚೇರಿ. ಯಾವ ಇಲಾಖೆ ಎಂದು ಹೇಳುವುದಿಲ್ಲ. ಹೇಳಿದರೆ ಇಷ್ಟು ವರ್ಷದ ಮೇಲೂ ಯಾರಾದರೂ ವಿವರಣೆ ಕೇಳಿ ಕಾಗದ ಬರೆದಾರು ಎಂಬ ಹೆದರಿಕೆ ನನಗಿದೆ. ನಾನು ಅಲ್ಲಿ ಹಂಗಾಮಿ ನೌಕರ, ಎಂದರೆ ಖಾಯಂ ಆಗುವವರೆಗೆ ಉಸಿರು ಬಿಗಿಹಿಡಿದುಕೊಂಡು ಇರಬೇಕಾದವನು. ವಯಸ್ಸು ಇಪ್ಪತ್ತನಾಲ್ಕು. ಕೂತಲ್ಲಿ ಕೂರಲಾರದ ಸ್ವಭಾವ ಹುಟ್ಟಿನಿಂದ ಬಂದದ್ದು. ಗಿಡ್ಡ ಕಾಲಿನ ಕುರ್ಚಿಯನ್ನು ದಿನವಿಡೀ ಟಕ್ ಟಕ್ ಎಂದು ಆಡಿಸುತ್ತಿದ್ದೆ. ಹೆಡ್ ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿ, "ಎಂತ ಮಾರಾಯ್ರೆ, ಬಸ್ಸಿಗೆ ಹೊತ್ತಾದೋರ ಹಾಗೆ ಕೂತಿದ್ದೀರಲ್ಲ" ಎನ್ನುತ್ತಿದ್ದರು.

ಆ ಕಚೇರಿಯಲ್ಲಿ ನಾನು ಕಲಿತ ಮೊದಲ ವಿದ್ಯೆ ಎಂದರೆ ಕನ್ನಡ. ಅಲ್ಲಿಯವರೆಗೆ ನನಗೆ ಕನ್ನಡ ಬರುತ್ತದೆ ಎಂದೇ ತಿಳಿದುಕೊಂಡಿದ್ದೆ. ಅಲ್ಲಿ 'ಆ ಮನುಷ್ಯ' ಎನ್ನುವ ಹಾಗಿಲ್ಲ, 'ಸದರಿಯವರು' ಎನ್ನಬೇಕು. 'ಬಂದಿಲ್ಲ' ಎನ್ನುವ ಹಾಗಿಲ್ಲ, 'ಹಾಜರಾಗಿರುವುದಿಲ್ಲ' ಎನ್ನಬೇಕು. 'ಗೊತ್ತಿಲ್ಲ' ಎಂಬ ಮಾತಂತೂ ಸರ್ಕಾರದಲ್ಲಿ ಇಲ್ಲವೇ ಇಲ್ಲ, ಅದು 'ಮಾಹಿತಿ ಲಭ್ಯವಿರುವುದಿಲ್ಲ'. 'ಪರಿಶೀಲನೆಯಲ್ಲಿದೆ' ಎಂದರೆ ಕಾಗದ ಯಾರದೋ ಮೇಜಿನ ಮೇಲೆ ಬೇರೆ ಕಾಗದಗಳ ಅಡಿಯಲ್ಲಿದೆ. 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂದರೆ ಏನೂ ಮಾಡುವುದಿಲ್ಲ, ಇನ್ನು ಬರಬೇಡಿ. ಸಾಹೇಬರು ಕಡತದ ಅಂಚಿನಲ್ಲಿ 'ನೋಡಿದೆ' ಎಂದು ಬರೆದರೆ ನೋಡಿಲ್ಲ. 'ಚರ್ಚಿಸಿ' ಎಂದು ಬರೆದರೆ ನೋಡಿದ್ದಾರೆ, ಅರ್ಥವಾಗಿಲ್ಲ.

ಅರ್ಜಿ ಕೊಟ್ಟವರಿಗೆ ಕಚೇರಿ ಬರೆದುಕೊಡುವ ಉತ್ತರಕ್ಕೆ ಹಿಂಬರಹ ಎಂದು ಹೆಸರು. ಅದನ್ನು ಹಿಡಿದುಕೊಂಡ ರೈತರು ಬಾಗಿಲಲ್ಲಿ ನಿಂತು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ಅವರಿಗೆಲ್ಲ ಅರ್ಥ ಹೇಳುತ್ತಿದ್ದವನು ದಫೇದಾರ. ಅವನಿಗೆ ಓದು ಅಷ್ಟಕ್ಕಷ್ಟೇ. ಒಮ್ಮೆ ಹೊಸನಗರದ ಕಡೆಯ ಮುದುಕರೊಬ್ಬರ ಹಿಂಬರಹವನ್ನು ಅವನು ಕೈಯಲ್ಲಿ ಹಿಡಿದು ಒಂದು ಕ್ಷಣ ನೋಡಿ, "ಆಗಲ್ಲ ಅಂತ ಬರ್ದದೆ, ಅಜ್ಜ" ಎಂದುಬಿಟ್ಟ. ಸರಿಯಾಗಿಯೇ ಹೇಳಿದ್ದ. ಹೇಗೆ ಗೊತ್ತಾಯಿತೆಂದು ಆಮೇಲೆ ಕೇಳಿದೆ.

"ಉದ್ದ ಇದ್ರೆ ಆಗಲ್ಲ ಅಂತ, ಗಿಡ್ಡ ಇದ್ರೆ ಆಗತ್ತೆ ಅಂತ. ಅದ್ರಲ್ಲಿ ಓದೋದು ಎಂತ ಉಂಟು?" ಎಂದ.

ನಾಚಿಕೆ ಬಿಟ್ಟು ಹೇಳುತ್ತೇನೆ, ಆರು ತಿಂಗಳಲ್ಲಿ ನಾನು ಆ ಭಾಷೆಯಲ್ಲಿ ಪಳಗಿಬಿಟ್ಟೆ. ಉದ್ದದ ಹಿಂಬರಹ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಆ ಕಚೇರಿಯಲ್ಲಿರಲಿಲ್ಲ. ನನ್ನ ಮೇಜಿನ ಕೆಲಸ ಎಂದರೆ ನೌಕರರ ರಜೆ, ಬಡ್ತಿ, ವರ್ಗಾವಣೆ. ಯಾರಾದರೂ ರಜೆ ಕೇಳಿದರೆ ಅದು ಕೊಡತಕ್ಕದ್ದೋ ಅಲ್ಲವೋ ಎಂದು ಕಡತದಲ್ಲಿ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುವುದು ನನ್ನ ಪಾಲಿನದು. ದಿಂಬಿನ ಕುರ್ಚಿಯ ಒಂದನೇ ದರ್ಜೆ ಗುಮಾಸ್ತರು ತಾಯಿಗೆ ಹುಷಾರಿಲ್ಲವೆಂದು ಎಂಟು ದಿನ ರಜೆ ಕೇಳಿದಾಗ, 'ಸದರಿ ಅನಾರೋಗ್ಯದ ಬಗ್ಗೆ ವೈದ್ಯರ ದೃಢೀಕರಣ ಲಗತ್ತಿಸಿರುವುದಿಲ್ಲ' ಎಂದು ಬರೆದೆ. ಆ ಮನುಷ್ಯ ನನ್ನಿಂದ ನಾಲ್ಕು ಅಡಿ ದೂರದಲ್ಲಿ ಕೂತಿದ್ದರು. ಬಾಯಿಬಿಟ್ಟು ಕೇಳಿದ್ದರೆ ತಾಯಿಗೆ ಏನಾಗಿದೆಯೆಂದು ಹೇಳುತ್ತಿದ್ದರು. ನಾನು ಕೇಳಲಿಲ್ಲ, ಬರೆದೆ. ಸಾಹೇಬರು ಅದನ್ನು ಓದಿ, "ಏನ್ರೀ, ಈ ಹುಡುಗ ಚೆನ್ನಾಗಿ ಬರೀತಾನೆ ಕಣ್ರೀ" ಎಂದು ಹೆಡ್ ಗುಮಾಸ್ತರ ಎದುರಿಗೇ ಹೊಗಳಿದರು. ಹೊಗಳಿಕೆ ಕೇಳಿ ನಾನು ಉಬ್ಬಿಹೋದೆ. ಪಾಪ, ದಿಂಬಿನವರಿಗೆ ರಜೆ ಸಿಕ್ಕಿದ್ದು ನಾಲ್ಕು ದಿನ ತಡವಾಗಿ. ತಾಯಿ ಚೇತರಿಸಿಕೊಂಡರು, ನನ್ನ ಪುಣ್ಯ.

ಇಷ್ಟರ ನಡುವೆ ನನಗೆ ಮದುವೆಯಾಗಿತ್ತು. ಹೆಂಡತಿ ತೀರ್ಥಹಳ್ಳಿಯವಳು. ಮಾವ ಅಲ್ಲಿ ಪೇಟೆಯ ಬೀದಿಯಲ್ಲಿ ದರ್ಜಿ. ಮನೆಯ ಮುಂಭಾಗವೇ ಅಂಗಡಿ, ಜಗಲಿಯ ಮೇಲೆಯೇ ಹೊಲಿಗೆ ಮಿಷನ್ನು. ಏಳನೇ ತಿಂಗಳಲ್ಲಿ ಅವಳನ್ನು ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆದುಕೊಂಡು ಹೋಗಲು ಅತ್ತೆ ಬಂದಿದ್ದರು. ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಒಳಗೆ ಸೀಟು ಹಿಡಿಯಲು ಹೋದಾಗ ಇವಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತು ಹೇಳಿದಳು.

"ಆ ಹೊತ್ತಿಗೆ ನೀವು ಬಂದಿರ್ಬೇಕು. ಒಳಗೆ ಬರೋದೆಂತ ಬ್ಯಾಡ. ಜಗಲಿ ಮೇಲೆ ಕೂತಿರಿ, ಸಾಕು. ನೀವು ಹೊರಗೆ ಇದ್ದೀರಿ ಅಂತ ಗೊತ್ತಿದ್ರೆ ನಂಗೆ ಧೈರ್ಯ."

ಅವಳ ಅಕ್ಕ ನಾಲ್ಕು ವರ್ಷದ ಹಿಂದೆ ಅದೇ ಮನೆಯ ಅದೇ ಕೋಣೆಯಲ್ಲಿ ಹೆರಿಗೆಯಾಗದೆ ತೀರಿಕೊಂಡಿದ್ದಳು. ಈ ವಿಷಯವನ್ನು ಇವಳು ನನಗೆ ಮದುವೆಯಾದ ಹೊಸದರಲ್ಲಿ ಒಂದು ಸಲ ಹೇಳಿದ್ದಳು, ಮತ್ತೆ ಎತ್ತಿರಲಿಲ್ಲ. ಅಂದೂ ಎತ್ತಲಿಲ್ಲ. ನನಗೆ ಅರ್ಥವಾಯಿತು. "ಬಂದೇ ಬರ್ತೀನಿ" ಎಂದೆ. "ಖಂಡಿತಾ?" ಎಂದಳು. "ಖಂಡಿತಾ" ಎಂದೆ. ಬಸ್ಸು ಹೊರಟಿತು.

ಹೆರಿಗೆಗೆ ಇನ್ನೂ ಮೂರು ವಾರವಿದೆ ಎನ್ನುವಾಗ ನಾನು ಹದಿನೈದು ದಿನದ ಗಳಿಕೆ ರಜೆಗೆ ಅರ್ಜಿ ಬರೆದೆ. ಬಿಡಿ ರಜೆಗಳೆಲ್ಲ ಅದಾಗಲೇ ಜ್ವರಕ್ಕೂ ಸೀಮಂತಕ್ಕೂ ಮುಗಿದಿದ್ದವು. ಅರ್ಜಿಯನ್ನು ನೇರವಾಗಿ ಸಾಹೇಬರಿಗೆ ಕೊಡುವಂತಿಲ್ಲ, ಹೆಡ್ ಗುಮಾಸ್ತರ ಮೂಲಕ ಕೊಡಬೇಕು. ಅವರ ಮುಂದೆ ಇಟ್ಟೆ. ಅವರು ಓದಿ, 'ರಜೆ ಶಾಖೆ' ಎಂದು ಮೂಲೆಯಲ್ಲಿ ಗೀಚಿ, ಅದನ್ನು ನನಗೇ ವಾಪಸು ಚಾಚಿದರು.

"ಇದು ನನ್ನದೇ ಅರ್ಜಿ, ಸಾರ್" ಎಂದೆ.

"ಗೊತ್ತು ಮಾರಾಯ್ರೆ. ಆದ್ರೆ ರಜೆ ಯಾರ ಮೇಜಿನ ಕೆಲ್ಸ? ನಿಮ್ದು. ನೀವೇ ಟಿಪ್ಪಣಿ ಬರ್ದು ಕಳ್ಸಿ. ಇನ್ನೊಬ್ರ ಮೇಜಿನ ಕೆಲ್ಸ ಮತ್ತೊಬ್ರು ಮಾಡೋ ಪದ್ಧತಿ ಇಲ್ಲಿಲ್ಲ."

ಹೀಗೆ ನನ್ನ ಅರ್ಜಿ ನನ್ನ ಮೇಜಿಗೆ ಬಂತು. ಬಂದ ಕಾಗದಗಳ ಪುಸ್ತಕದಲ್ಲಿ ಅದಕ್ಕೊಂದು ನಂಬರು ಕೊಟ್ಟೆ. ಕೆಂಪು ದಾರದ ಕಡತದಲ್ಲಿ ಸೇರಿಸಿದೆ. ಪೆನ್ನು ಹಿಡಿದು ಕೂತೆ.

ಈಗ ಯೋಚಿಸಿದರೆ ಒಂದೇ ಸಾಲು ಸಾಕಿತ್ತು: ರಜೆ ಬಾಕಿಯಿದೆ, ಮಂಜೂರು ಮಾಡಬಹುದು. ಅಷ್ಟು ಬರೆದಿದ್ದರೆ ಸಾಹೇಬರು ಕಣ್ಣು ಮುಚ್ಚಿ ರುಜು ಹಾಕುತ್ತಿದ್ದರು. ಆದರೆ ನನ್ನಿಂದ ನಾಲ್ಕು ಅಡಿಯಲ್ಲಿ ಆ ದಿಂಬಿನವರು ಕೂತಿದ್ದರು. ಅವರ ತಾಯಿಯ ಕಾಯಿಲೆಗೆ ಕಾಗದ ಕೇಳಿದವನು ತನ್ನ ವಿಷಯಕ್ಕೆ ಬಂದಾಗ ಸಲೀಸಾಗಿ ಬಿಟ್ಟುಕೊಂಡ ಎಂದು ನಾಳೆ ಕಾಫಿಯ ಹೊತ್ತಿಗೆ ಮಾತಾಗುತ್ತದೆ ಎಂದು ನನಗೆ ಮುಜುಗರ. ಅದರ ಜೊತೆಗೆ ಒಂದು ಜಾಣತನವೂ ಹೊಳೆಯಿತು. ಟಿಪ್ಪಣಿಯಲ್ಲಿ ನಾನೇ ಆಕ್ಷೇಪಣೆ ಎತ್ತಿದರೆ ಸಾಹೇಬರು ನನ್ನ ನಿಷ್ಠೆ ಮೆಚ್ಚಿ, 'ಪರವಾಗಿಲ್ಲ, ರಜೆ ಕೊಡಿ' ಎಂದು ತಾವೇ ಬರೆಯುತ್ತಾರೆ, ಖಾಯಂ ಮಾಡುವಾಗಲೂ ನೆನಪಿಟ್ಟುಕೊಳ್ಳುತ್ತಾರೆ. ಬರೆಯತೊಡಗಿದೆ. ಬರೆಯುತ್ತ ಬರೆಯುತ್ತ ಹುರುಪು ಏರಿತು. ಇದನ್ನೂ ಮುಚ್ಚಿಡುವುದಿಲ್ಲ: ಅದು ನನ್ನದೇ ಅರ್ಜಿ ಎಂಬುದು ಎರಡನೇ ಸಾಲಿನ ಹೊತ್ತಿಗೆ ಮರೆತೇಹೋಗಿತ್ತು.

'ಸದರಿ ಗುಮಾಸ್ತರು ತಮ್ಮ ಪತ್ನಿಯ ಹೆರಿಗೆಯ ಕಾರಣ ನೀಡಿ ರಜೆ ಕೋರಿರುತ್ತಾರೆ. ಆದರೆ ಹೆರಿಗೆಯ ನಿಖರವಾದ ದಿನಾಂಕ ತಿಳಿಸಿರುವುದಿಲ್ಲ. ಈ ಬಗ್ಗೆ ಯಾವುದೇ ದಾಖಲೆ ಲಗತ್ತಿಸಿರುವುದಿಲ್ಲ. ಮೇಲಾಗಿ ಸದರಿ ಸಂದರ್ಭದಲ್ಲಿ ಪತಿಯ ಹಾಜರಿಯ ಅವಶ್ಯಕತೆ ಏನೆಂಬುದು ಸ್ಪಷ್ಟವಾಗಿರುವುದಿಲ್ಲ. ಆದೇಶಕ್ಕಾಗಿ ಮಂಡಿಸಿದೆ.'

ಹೆಡ್ ಗುಮಾಸ್ತರು ಎರಡು ಸಲ ಓದಿದರು. "ಭಾರಿ ಬರ್ದಿದ್ದೀರಿ" ಎಂದು 'ಒಪ್ಪಿದೆ' ಎಂದು ಬರೆದು ತಮ್ಮ ಮೇಜಿನ ಬಲಗಡೆ ಇಟ್ಟುಕೊಂಡರು. ಬಲಗಡೆ ಎಂದರೆ ಸಾಹೇಬರ ಕೋಣೆಗೆ ಹೋಗಬೇಕಾದದ್ದು. ಸಾಹೇಬರ ಕೋಣೆ ಅಲ್ಲಿಂದ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ನಡೆಯಲು ಕಡತಕ್ಕೆ ಎರಡು ದಿನ ಹಿಡಿಯಿತು, ಏಕೆಂದರೆ ಕಡತಗಳನ್ನು ಒಳಗೆ ಒಯ್ಯುವುದು ದಫೇದಾರನೇ ಆಗಬೇಕು, ದಫೇದಾರ ಒಯ್ಯುವುದು ಗಂಟೆ ಬಾರಿಸಿದಾಗ ಮಾತ್ರ. ಎರಡನೇ ದಿನ ಕಡತ ಒಳಗೆ ಹೋಯಿತು. ಮೂರನೇ ದಿನ ಬೆಳಿಗ್ಗೆ ಸಾಹೇಬರು ಕ್ಯಾಂಪಿಗೆ ಹೊರಟುಹೋದರು, ಹೊಸನಗರಕ್ಕೆ, ಒಂದು ವಾರ. ನೋಡದೆ ಉಳಿದ ಕಡತಗಳನ್ನೆಲ್ಲ ತಗಡಿನ ಪೆಟ್ಟಿಗೆಗೆ ತುಂಬಿ ಜೀಪಿಗೆ ಹಾಕಿದರು. ನನ್ನದೂ ಅದರಲ್ಲಿತ್ತು.

ಇದನ್ನು ಕೇಳಿ ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಸಾಗರದಿಂದ ತೀರ್ಥಹಳ್ಳಿಗೆ ನಾನು ಹಿಡಿಯುತ್ತಿದ್ದ ದಾರಿ ಹೊಸನಗರದ ಮೇಲೆಯೇ. ನನ್ನ ಅರ್ಜಿ ನನಗಿಂತ ಮೊದಲು ಅರ್ಧ ದಾರಿ ಹೋಗಿ, ಪ್ರವಾಸಿ ಬಂಗಲೆಯಲ್ಲಿ ಆರಾಮವಾಗಿ ಕೂತಿತ್ತು. ನಾನು ಸಾಗರದಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಮೇಜಿನಿಂದ ಬಾಗಿಲಿಗೆ, ಬಾಗಿಲಿನಿಂದ ಮೇಜಿಗೆ ಓಡಾಡುತ್ತಿದ್ದೆ. ನೀರು ಕುಡಿಯಲು ಹೋಗುತ್ತಿದ್ದೆ, ಕುಡಿಯದೆ ಬರುತ್ತಿದ್ದೆ. ಬರೆದ ನಂಬರನ್ನೇ ಎರಡು ಸಲ ಬರೆದೆ. ಹೊರಗೆ ಯಾವ ಮೋಟಾರಿನ ಸದ್ದಾದರೂ ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ದಿನಾ ಬೆಳಿಗ್ಗೆ ದಫೇದಾರನನ್ನು ಪೆಟ್ಟಿಗೆ ಬಂತಾ ಎಂದು ಕೇಳುತ್ತಿದ್ದೆ. ಐದನೇ ದಿನ ಅವನಿಗೂ ಬೇಸರವಾಗಿರಬೇಕು.

"ನೀವು ಕೇಳಿದ್ರೆ ಪೆಟ್ಟಿಗೆಗೆ ಕಾಲು ಬರತ್ತಾ, ಸ್ವಾಮಿ?" ಎಂದ.

ಪೆಟ್ಟಿಗೆ ಬಂತು, ಎಂಟನೇ ದಿನ. ಎಲ್ಲರಿಗಿಂತ ಮೊದಲು ನಾನೇ ದಾರ ಬಿಚ್ಚಿದೆ. ನನ್ನ ಟಿಪ್ಪಣಿಯ ಕೆಳಗೆ ಸಾಹೇಬರು ಹಸಿರು ಶಾಯಿಯಲ್ಲಿ ಬರೆದಿದ್ದರು: 'ಟಿಪ್ಪಣಿಯಂತೆ ಹಿಂಬರಹ ನೀಡಿ.'

ಯಾರ ಅರ್ಜಿ ಎಂದು ಅವರು ನೋಡಿಯೇ ಇರಲಿಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ. ಟಿಪ್ಪಣಿ ಅಷ್ಟು ಚೆನ್ನಾಗಿತ್ತು.

ಹಿಂಬರಹ ಬರೆಯುವವನೂ ನಾನೇ. ಕಚೇರಿಯ ಟೈಪ್ ಮಿಷನ್ನು ಇಂಗ್ಲಿಷಿನದು, ಕನ್ನಡದ್ದೆಲ್ಲ ಕೈಯಲ್ಲೇ ಆಗಬೇಕು. 'ನೀವು ಕೋರಿರುವ ರಜೆಯ ಬಗ್ಗೆ ಕೆಳಕಂಡ ವಿವರಣೆಗಳನ್ನು ನೀಡತಕ್ಕದ್ದು' ಎಂದು ಆರಂಭಿಸಿ, ಮೇಲೆ ಹೇಳಿದ ಮೂರೂ ಆಕ್ಷೇಪಣೆಗಳನ್ನು ಸಾಲಾಗಿ ಬರೆದೆ. ಹೆಡ್ ಗುಮಾಸ್ತರು ಸಾಹೇಬರ ಪರವಾಗಿ ರುಜು ಹಾಕಿದರು. ದಫೇದಾರ ಅದನ್ನು ಅವರ ಮೇಜಿನಿಂದ ಎತ್ತಿಕೊಂಡು, ಕೋಣೆಯನ್ನು ದಾಟಿ, ನನ್ನ ಮುಂದೆ ಬಂದು ನೆಟ್ಟಗೆ ನಿಂತ.

"ಹಿಂಬರಹ ಬಂದದೆ, ಸ್ವಾಮಿ. ತಲುಪಿತು ಅಂತ ರುಜು ಹಾಕಿ."

ಹಾಕಿದೆ. ಅವನು ಕಾಗದದ ಉದ್ದ ನೋಡಿ ನನ್ನ ಮುಖ ನೋಡಿದ.

ಸಂಜೆ ಎಲ್ಲರೂ ಕೊಡೆ ಚೀಲ ಎತ್ತಿಕೊಳ್ಳುವಾಗ ದಿಂಬಿನವರು ನನ್ನ ಮೇಜಿನ ಹತ್ತಿರ ಬಂದರು. ಅವರು ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಿ ತಿಂಗಳುಗಳಾಗಿದ್ದವು.

"ನೀವು ನಾಳೆ ಬೆಳಗಿನ ಬಸ್ಸಿಗೆ ಹೋಗಿ, ಮಾರಾಯ್ರೆ. ಇಲ್ಲಿ ನಾವು ಹ್ಯಾಗಾದ್ರೂ ಸುಧಾರಿಸ್ತೇವೆ. ಸಾಹೇಬ್ರು ಕೇಳಿದ್ರೆ ಈಗಷ್ಟೇ ಹೊರಗೆ ಹೋದ್ರು ಅಂತೇವೆ. ನಾಲ್ಕು ದಿನ ಯಾರಿಗೆ ಗೊತ್ತಾಗತ್ತೆ?"

ಆ ಮನುಷ್ಯನಿಗೆ ನನ್ನ ಮೇಲೆ ಸಿಟ್ಟಿರಬೇಕಿತ್ತು, ಇರಲಿಲ್ಲ. ನನಗೆ ಆಗ ಕಣ್ಣಲ್ಲಿ ನೀರೇ ಬಂತು. ಆದರೂ ನಾನು ಹೇಳಿದ್ದೇನು ಗೊತ್ತೇ? "ಬೇಡ ಸಾರ್, ನಿಯಮದ ಪ್ರಕಾರವೇ ಆಗಲಿ. ಉತ್ತರ ಕೊಡ್ತೀನಿ, ಎರಡು ದಿನದಲ್ಲಿ ಮಂಜೂರಾಗತ್ತೆ." ಹಂಗಾಮಿ ನೌಕರಿ ಹೋದೀತೆಂಬ ಹೆದರಿಕೆ ಒಂದು. ಅದಕ್ಕಿಂತ ಹೆಚ್ಚಾಗಿ, ಅವರ ಕೈಯಿಂದ ಉಪಕಾರ ತೆಗೆದುಕೊಳ್ಳಲು ಮುಖವಿರಲಿಲ್ಲ. ಅವರು ತಲೆಯಲ್ಲಾಡಿಸಿ ಹೋದರು. ಎದ್ದು ಅವರ ಹಿಂದೆಯೇ ಓಡಿಹೋಗಿ ಹ್ಞೂಂ ಎನ್ನಬೇಕಿತ್ತು. ಎಷ್ಟು ಸಲ ಅಂದುಕೊಂಡಿದ್ದೇನೋ.

ಮರುದಿನ ಉತ್ತರ ಬರೆಯಲು ಕೂತೆ. ದಿನಾಂಕದ್ದು ಸುಲಭ, ತಿಂಗಳ ಕೊನೆಯ ವಾರ ಎಂದೆ. ದಾಖಲೆಗೆ ತೀರ್ಥಹಳ್ಳಿಯಿಂದ ನರ್ಸಮ್ಮನ ಚೀಟಿ ತರಿಸುತ್ತೇನೆ ಎಂದೆ. ಮೂರನೆಯದಕ್ಕೆ ಬಂದು ನಿಂತೆ. ಹಾಜರಿಯ ಅವಶ್ಯಕತೆ. ಅವಶ್ಯಕತೆ ಏನು? ಅವಳಿಗೆ ಹೆದರಿಕೆ. ನಾನು ಜಗಲಿಯ ಮೇಲೆ ಕೂತಿದ್ದರೆ ಧೈರ್ಯ. ಇದನ್ನು ಆ ಭಾಷೆಯಲ್ಲಿ ಬರೆಯಲು ನೋಡಿದೆ. 'ಪತ್ನಿಯವರು ಭಯಭೀತರಾಗಿರುವುದರಿಂದ' ಎಂದು ಬರೆದು ಹೊಡೆದುಹಾಕಿದೆ. 'ಸದರಿಯವರ ಹಿರಿಯ ಸಹೋದರಿಯು ಇದೇ ಸ್ಥಳದಲ್ಲಿ ಇದೇ ಸಂದರ್ಭದಲ್ಲಿ ಮೃತರಾಗಿರುತ್ತಾರಾದ ಕಾರಣ' ಎಂದು ಬರೆದೆ. ಬರೆದದ್ದನ್ನು ಓದಿದಾಗ ಮೈಯೆಲ್ಲ ಹೇಸಿಕೆಯಾಯಿತು. ಆ ಹುಡುಗಿಯ ಸಾವನ್ನು ಕಡತಕ್ಕೆ ಪೋಣಿಸಿ, ನಂಬರು ಹಾಕಿ, ಹೆಡ್ ಗುಮಾಸ್ತರ ಬಲಗಡೆ ಇಡುವುದೇ? ಹರಿದು ಹಾಕಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಇಷ್ಟು ದಿನ ಬೇರೆಯವರ ಗೋಳನ್ನೆಲ್ಲ ಆ ಭಾಷೆಗೆ ಇಳಿಸಿದವನಿಗೆ ನನ್ನ ಮನೆಯ ಒಂದು ಮಾತನ್ನು ಇಳಿಸಲಾಗಲಿಲ್ಲ. ಎದ್ದು ಹೋಗಿ ಸಾಹೇಬರ ಮುಂದೆ ನಿಂತು, ಸಾರ್, ನನ್ನ ಹೆಂಡತಿಗೆ ಹೆದರಿಕೆಯಾಗಿದೆ, ಹೋಗಬೇಕು ಎಂದು ಬಾಯಲ್ಲಿ ಹೇಳಬಹುದಿತ್ತು. ಎರಡನೇ ದರ್ಜೆಯವರು ಕರೆಯದೆ ಆ ಬಾಗಿಲು ದಾಟುವ ಪದ್ಧತಿ ಇರಲಿಲ್ಲ. ಪದ್ಧತಿ ಇಲ್ಲ ಎನ್ನುವುದೇ ನನಗೆ ಸಾಕಾಯಿತು ನೋಡಿ.

ಅರ್ಧ ಬರೆದ ಉತ್ತರ ಡ್ರಾಯರಿನಲ್ಲಿ ನಾಲ್ಕು ದಿನ ಇತ್ತು. ಹೊರಗೆ ಬಿಸಿಲು ಏರುತ್ತಿತ್ತು. ಕೂತರೆ ಬೆನ್ನು ಬೆವರುತ್ತಿತ್ತು, ನಿಂತರೆ ಕಾಲು ನಿಲ್ಲುತ್ತಿರಲಿಲ್ಲ. ಕ್ಯಾಲೆಂಡರಿನ ಹತ್ತಿರ ಹೋಗಿ ಇನ್ನೂ ಹತ್ತು ದಿನವಿದೆ, ಇನ್ನೂ ಒಂಬತ್ತು ದಿನವಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಐದನೇ ದಿನ ಮಧ್ಯಾಹ್ನ ಮಾವನ ತಂತಿ ಬಂತು. ಹೆಣ್ಣು ಮಗು, ಇಬ್ಬರೂ ಕ್ಷೇಮ, ಹೊರಟು ಬನ್ನಿ.

ಕ್ಷೇಮ ಎಂಬುದೊಂದನ್ನೇ ನಾಲ್ಕೈದು ಸಲ ಓದಿಕೊಂಡೆ. ಹೆಡ್ ಗುಮಾಸ್ತರು ತಂತಿಯನ್ನು ಇಸಕೊಂಡು ನೋಡಿ, "ಇದೇ ದಾಖಲೆ ಆಯ್ತಲ ಮಾರಾಯ್ರೆ! ದಿನಾಂಕವೂ ಖಚಿತ ಆಯ್ತು" ಎಂದು ಖುಷಿಯಿಂದ ಅದನ್ನು ಕಡತಕ್ಕೆ ಪೋಣಿಸಿ ತಾವೇ ಒಳಗೆ ಒಯ್ದರು. ಅರ್ಧ ಗಂಟೆಯಲ್ಲಿ ರಜೆ ಮಂಜೂರಾಯಿತು. ಪತಿಯ ಹಾಜರಿಯ ಅವಶ್ಯಕತೆಯ ಬಗ್ಗೆ ಯಾರೂ ಕೇಳಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹೊರಟೆ. ಹೊರಡುವಾಗ ಆ ಹಿಂಬರಹವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಅಳಿಯ ಯಾಕೆ ಬರಲಿಲ್ಲ ಎಂದು ಅಲ್ಲಿ ಕೇಳುತ್ತಾರೆ, ರಜೆ ಕೇಳಿದ್ದೆ, ಕೊಡಲಿಲ್ಲ ಎನ್ನಲು ಪುರಾವೆ ಬೇಕಲ್ಲ. ಕೈಯಲ್ಲಿ ಕಾಗದವಿಲ್ಲದೆ ಆಡಿದ ಮಾತನ್ನು ನಂಬುವವರೂ ಲೋಕದಲ್ಲಿದ್ದಾರೆ ಎಂಬುದನ್ನೇ ಆ ಕಚೇರಿ ನನಗೆ ಮರೆಸಿತ್ತು.

ಬಸ್ಸು ಎತ್ತರ ಸಿಕ್ಕಲ್ಲೆಲ್ಲ ಏದುಸಿರು ಬಿಡುತ್ತ, ಸಿಕ್ಕ ಸಿಕ್ಕಲ್ಲಿ ನಿಲ್ಲುತ್ತ ಹೋಯಿತು. ಕೈ ಅಡ್ಡ ಹಿಡಿದವರೆಲ್ಲ ನನ್ನ ಶತ್ರುಗಳ ಹಾಗೆ ಕಂಡರು. ಹೊಸನಗರದಲ್ಲಿ ಇಳಿದಾಗ ತೀರ್ಥಹಳ್ಳಿಯ ಬಸ್ಸು ನಿಂತಿತ್ತು, ಹೊರಡುತ್ತಿರಲಿಲ್ಲ. ಟಪಾಲಿನ ಚೀಲ ಬರಬೇಕು ಎಂದರು. ಮುಕ್ಕಾಲು ಗಂಟೆ ಆ ಬಸ್ಸನ್ನು ಸುತ್ತಿದೆ. ಕಂಡಕ್ಟರು ಕೊನೆಗೆ, "ಒಂದು ಕಡೆ ಕೂತ್ಕೊಳ್ಳಿ ಸ್ವಾಮಿ, ನಿಮ್ಮನ್ನ ನೋಡಿ ನಂಗೆ ತಲೆ ತಿರುಗ್ತದೆ" ಎಂದ.

ತೀರ್ಥಹಳ್ಳಿ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಮಾವ ಜಗಲಿಯಲ್ಲಿ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಕೂತಿದ್ದರು. ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದೆಸಿತ್ತು. ಅದರ ಸದ್ದು ಒಳಗೆ ತೊಂದರೆಯಾದೀತೆಂದು ಮೂರು ದಿನದಿಂದ ಅವರು ಅದನ್ನು ತುಳಿದಿರಲಿಲ್ಲ.

"ಬಂದ್ರಾ?" ಎಂದರು. ಅಷ್ಟೇ.

ಅತ್ತೆ ಕಾಲಿಗೆ ನೀರು ಕೊಟ್ಟರು. ಕೊಡುತ್ತಲೇ ಎಲ್ಲ ಹೇಳಿದರು. ನೋವು ಶುರುವಾದದ್ದು ಎಲ್ಲರ ಲೆಕ್ಕಕ್ಕಿಂತ ಎಂಟು ದಿನ ಮುಂಚೆ. ಎರಡು ಹಗಲು ಒಂದು ರಾತ್ರಿ ಕಷ್ಟಪಟ್ಟಳು. ನರ್ಸಮ್ಮನೂ ಒಂದು ಹೊತ್ತು ಕೈಚೆಲ್ಲಿದ್ದರು. "ರಸ್ತೇಲಿ ಬಸ್ಸಿನ ಸದ್ದಾದಾಗೆಲ್ಲ, ಬಂದ್ರಾ ನೋಡಮ್ಮ, ಬಂದ್ರಾ ನೋಡಮ್ಮ ಅಂತಿದ್ಲು. ನಾನು ಹೊರಗೆ ಬರೋದು, ನೋಡೋದು, ಒಳಗೆ ಹೋಗೋದು. ಕೊನೆಗೆ ಕೊನೆಗೆ ಅವಳಿಗೆ ಸುಳ್ಳು ಹೇಳ್ಬಿಡ್ಲಾ ಅನ್ನಿಸ್ತು. ಬಂದು ಕೂತಿದಾರೆ ಅಂತ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಆಗ ನಾನು ಬಾಯಿಮುಚ್ಚಿಕೊಂಡು ಕೋಣೆಯ ಬಾಗಿಲಿಗೆ ಹೋಗಬೇಕಿತ್ತು. ನಾನು ಮಾಡಿದ್ದೇನೆಂದರೆ, ಕಿಸೆಯಿಂದ ಹಿಂಬರಹ ತೆಗೆದು ಮಾವನ ಕೈಯಲ್ಲಿಟ್ಟದ್ದು. "ರಜೆಗೆ ಎರಡು ವಾರದ ಹಿಂದೆಯೇ ಅರ್ಜಿ ಕೊಟ್ಟಿದ್ದೆ. ಹೀಗೆ ಬಂತು" ಎಂದ ನನ್ನ ದನಿ ನನಗೇ ಗುಮಾಸ್ತನದಾಗಿ ಕೇಳಿಸಿತು.

ಮಾವ ಕಾಗದವನ್ನು ದೂರ ಹಿಡಿದು, ಒಂದೊಂದೇ ಮಾತು ಬಿಡಿಸಿಕೊಂಡು ಗಟ್ಟಿಯಾಗಿ ಓದಿದರು. ಸದರಿ. ನಿಖರವಾದ ದಿನಾಂಕ. ಪತಿಯ ಹಾಜರಿಯ ಅವಶ್ಯಕತೆ. ಓದಿ ಮುಗಿಸಿ, "ಎಂತಾ ಗತ್ತಿನ ಭಾಷೆ ಮಾರಾಯ್ರೆ! ಸರ್ಕಾರ ಅಂದ್ಮೇಲೆ ನೀವಾದ್ರೂ ಎಂತ ಮಾಡ್ತೀರಿ" ಎಂದು ನನ್ನ ಮೇಲಿದ್ದ ಬೇಸರವನ್ನು ಅಲ್ಲೇ ಬಿಟ್ಟರು. ಅತ್ತೆ ಬಿಡಲಿಲ್ಲ. "ಇದನ್ನ ಬರ್ದವ್ನಿಗೆ ಮನೇಲಿ ಹೆಂಗಸ್ರು ಇಲ್ವಾ? ಅವ್ನೇನು ಮರದ ಪೊಟರೇಲಿ ಹುಟ್ಟಿದ್ನಾ?" ಎಂದರು. ನಾನು ಕಾಲಿನ ಕೆಳಗಿನ ನೆಲ ನೋಡುತ್ತ ನಿಂತಿದ್ದೆ.

ಒಳಗಿನಿಂದ ದನಿ ಬಂತು, ಸಣ್ಣಗೆ. "ಅಮ್ಮ, ಆ ಕಾಗದ ಇಲ್ಲಿ ಕೊಡಿ."

ಅತ್ತೆ ಒಯ್ದು ಕೊಟ್ಟರು. ನಾನು ಹಿಂದೆಯೇ ಹೋಗಿ ಹೊಸ್ತಿಲಲ್ಲಿ ನಿಂತೆ. ಕಿಟಕಿಯ ಬೆಳಕಿನಲ್ಲಿ ಅವಳ ಮುಖ ಗುರುತು ಸಿಗದಷ್ಟು ಸೊರಗಿತ್ತು. ಪಕ್ಕದಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಕೂಸು. ನನ್ನ ಮಗಳನ್ನು ಮೊದಲ ಸಲ ನೋಡುವ ಹೊತ್ತು ಅದು. ನಾನು ನೋಡುತ್ತಿದ್ದುದು ಕಾಗದದ ಮೇಲೆ ಓಡುತ್ತಿದ್ದ ಅವಳ ಕಣ್ಣುಗಳನ್ನು. ಅವು ಮೊದಲ ಸಾಲಿನಲ್ಲೇ ನಿಂತವು.

"ಇದು ನಿಮ್ಮ ಅಕ್ಷರ ಅಲ್ದಾ?" ಎಂದಳು.

ಜಗಲಿಯಲ್ಲಿ ಮಾವ ಕೆಮ್ಮಿದರು. ನನಗೆ ತೊದಲು ಬಂತು. ನಮ್ಮಲ್ಲಿ ಹಾಗೇ, ಸಾಹೇಬರು ಹೇಳಿದ್ದನ್ನು ಗುಮಾಸ್ತರು ಬರೆಯುವುದು, ಕೈ ಮಾತ್ರ ನನ್ನದು, ಆದೇಶ ಅವರದು ಎಂದೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬೆರಳಿಟ್ಟು ಒಂದು ಸಾಲನ್ನು ತೋರಿಸಿದಳು. ಅಷ್ಟು ದೂರದಿಂದ ನನಗೆ ಅಕ್ಷರ ಕಾಣುತ್ತಿರಲಿಲ್ಲ, ಯಾವ ಸಾಲೆಂದು ಮಾತ್ರ ಗೊತ್ತಿತ್ತು.

"ಇದೂ ಸಾಹೇಬ್ರು ಹೇಳಿದ್ದಾ?"

ಸುಳ್ಳು ಹೇಳಬಹುದಿತ್ತು, ಅವಳು ನಂಬುತ್ತಿದ್ದಳು. "ಇಲ್ಲ, ಅದು ನಾನೇ" ಎಂದೆ.

ಅವಳು ಕಾಗದವನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಿಸಿದಳು. ಮಡಿಸಿ, ನನಗೆ ಕೊಡಲು ಹೇಳಿ ಅಮ್ಮನ ಕೈಗಿತ್ತಳು.

"ಅವಶ್ಯಕತೆ ಎಂತದೂ ಇರ್ಲಿಲ್ಲ ಬಿಡಿ" ಎಂದಳು. "ಹೆರಿಗೆ ಆಯ್ತಲ."

ಹಾಗೆಂದು ಕೂಸಿನ ಕಡೆಗೆ ಹೊರಳಿ ಮಲಗಿದಳು. ಅತ್ತೆ ಬಾಗಿಲನ್ನು ಅರ್ಧ ಮುಂದೆ ಮಾಡಿದರು. ನಾನು ಹೊರಗೆ ಬಂದು ಜಗಲಿಯ ಮೇಲೆ ಕೂತೆ.